ಹಸಿರು ಅಂಚಿನ ಚೀಲ

"ಹೊರದೇಶದಲ್ಲಿ ದುಡ್ಡು ತೆಗೆಯೋಕೆ ಒಪ್ಪಿಗೆ ಇದೆಯಾ ಅಂತ ಕೇಳ್ತಿದೆ ಅಕ್ಕ. ಹೂಂ ಅನ್ನಲಾ, ಬೇಡ ಅನ್ನಲಾ?"

ನೆನಿತಾ ಎಟಿಎಮ್ಮಿನ ಮುಂದೆ ಬೆರಳೆತ್ತಿಕೊಂಡೇ ನಿಂತಿದ್ದಳು. ಅವಳ ಹಿಂದಿನ ಸಾಲು ಮೂಲೆ ತಿರುಗಿ ಕಾಲುಸೇತುವೆಯ ಮೆಟ್ಟಿಲ ತನಕ ಹೋಗಿತ್ತು. ತಿಂಗಳ ಮೊದಲ ಭಾನುವಾರ. ಹಾಂಕಾಂಗಿನ ಅಡುಗೆಮನೆಗಳಿಂದ ಒಂದು ದಿನದ ಮಟ್ಟಿಗೆ ಬಿಡಿಸಿಕೊಂಡು ಬಂದ ಫಿಲಿಪಿನೊ ಹೆಂಗಸರೇ ಎಲ್ಲ. ಸಾಲಿನಲ್ಲಿದ್ದವರ ಕೈಯಲ್ಲಿ ಒಂದೊಂದೇ ಕಾರ್ಡು ಇರಲಿಲ್ಲ. ಐದು, ಆರು, ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು. ವಾರಕ್ಕೊಂದು ರಜೆ, ಅದನ್ನೂ ಎಲ್ಲರೂ ಸಾಲಿನಲ್ಲಿ ನಿಂತು ಕಳೆಯುವುದು ಯಾಕೆಂದು ಗುಂಪಿಗೊಬ್ಬಳು ಹೋಗಿ ಎಲ್ಲರ ಸಂಬಳ ತೆಗೆದು ತರುವುದು ಅಲ್ಲಿಯ ರೂಢಿ. ಗುಟ್ಟಿನ ಸಂಖ್ಯೆ ಎನ್ನುವುದು ಅವರಲ್ಲಿ ಗುಟ್ಟೇ ಅಲ್ಲ. ಯಾರ ಸಂಖ್ಯೆ ಯಾವ ಮಗುವಿನ ಹುಟ್ಟಿದ ದಿನ ಎಂದು ಗುಂಪಿಗೆಲ್ಲ ಬಾಯಿಪಾಠ.

"ಬೇಡ ಅನ್ನು," ಎಂದಳು ರೊವೆನಾ.

"ಬೇಡ ಅಂದ್ರೆ ಊರಿಗೆ ಹೋದ್ಮೇಲೆ ಈ ಕಾರ್ಡು ನಡೆಯಲ್ವಲ್ಲ?"

"ನಡೆಯದಿದ್ರೇ ಒಳ್ಳೇದು. ನಮ್ಮೂರ ಕಡೆ ಮಿಷನ್ನುಗಳಲ್ಲಿ ಕಾರ್ಡು ನಕಲು ಮಾಡ್ತಾರೆ. ಒಂದು ಸಲ ತೂರಿಸಿದ್ರೆ ಸಾಕು, ಖಾತೆ ಗುಡಿಸಿ ಗುಂಡಾಂತರ. ಕಾರ್ಡು ನನ್ನ ಕೈಲಿ ಕೊಟ್ಟು ಹೋಗು. ನೀನು ಕೆಲಸ ಮಾಡೋ ಮನೆಯವರು ಕೊನೇ ದುಡ್ಡು ಹಾಕಿದ ದಿನ ತೆಗೆದು ಕಳಿಸ್ತೀನಿ."

ನೆನಿತಾ ಬೇಡ ಎನ್ನುವ ಗುಂಡಿ ಒತ್ತಿದಳು. ಕಾರ್ಡು ಹೊರಗೆ ಬಂತು. ಅದನ್ನು ಲಂಗಕ್ಕೆ ಒರೆಸಿ ರೊವೆನಾಳ ಕೈಗಿಟ್ಟು, "ನಂಬರ್ ನಿಂಗೆ ಗೊತ್ತೇ ಇದೆ," ಎಂದಳು.

ಆ ಬುದ್ಧಿಮಾತು ರೊವೆನಾಳದ್ದಲ್ಲ. ಮೂರು ವರ್ಷದ ಹಿಂದೆ, ಇದೇ ಯಂತ್ರದ ಮುಂದೆ, ನೆನಿತಾಳೇ ಅವಳಿಗೆ ಹೇಳಿದ್ದು. ನಕಲು ಮಾಡ್ತಾರೆ, ಗುಡಿಸಿ ಗುಂಡಾಂತರ, ನನ್ನ ಕೈಲಿ ಕೊಟ್ಟು ಹೋಗು, ಎಲ್ಲ ಅವಳದ್ದೇ ಮಾತು. ಹೇಳಿದವಳಿಗೆ ಮರೆತುಹೋಗಿತ್ತು. ಕೇಳಿಸಿಕೊಂಡವಳಿಗೆ ಒಂದಕ್ಷರವೂ ಮರೆತಿರಲಿಲ್ಲ.

ಇಬ್ಬರೂ ತಮ್ಮ ಗುಂಪು ಕೂತಿದ್ದ ಕಡೆ ಬಂದರು. ದೊಡ್ಡ ಕಟ್ಟಡದ ನೆರಳಿನಲ್ಲಿ ರಟ್ಟು ಹಾಸಿ, ಅಂಚಿಗೆ ಚಪ್ಪಲಿ ಬಿಟ್ಟು, ನಡುವೆ ಶಾವಿಗೆಯ ಪನ್ಸಿತ್ತಿನ ಡಬ್ಬ ತೆರೆದಿಟ್ಟಿದ್ದರು. ಗುಂಪಿಗೆಲ್ಲ ಹಿರಿಯಳಾದ ದೆಲಿಯಾ ಒಬ್ಬಳ ಕಾಲುಗುರು ಕತ್ತರಿಸುತ್ತ ಕೂತಿದ್ದಳು.

"ಕಾರ್ಡು ಕೊಟ್ಟೆಯಾ?" ಎಂದು ತಲೆಯೆತ್ತದೆ ಕೇಳಿದಳು ದೆಲಿಯಾ. "ಒಳ್ಳೇದು ಮಾಡ್ದೆ. ರೊವೆನಾ ಅಂದ್ರೆ ಬ್ಯಾಂಕಿದ್ದ ಹಾಗೆ. ಬಡ್ಡಿ ಕೊಡಲ್ಲ ಅಷ್ಟೆ."

"ಬಡ್ಡಿ ಬೇಕಾದ್ರೆ ಕೊಡ್ತೀನಿ," ಎಂದಳು ರೊವೆನಾ. ಎಲ್ಲರೂ ನಕ್ಕರು. ನೆನಿತಾಳೂ ನಕ್ಕಳು.

ಮೂರು ವರ್ಷದ ಹಿಂದೆ ರೊವೆನಾಳ ತಂದೆ ಫಿಲಿಪೀನ್ಸಿನ ಇಲೊಕೋಸಿನಲ್ಲಿ ತೀರಿಕೊಂಡಾಗ ಅವಳು ಹದಿನೈದು ದಿನಕ್ಕೆಂದು ಊರಿಗೆ ಹೋಗಿದ್ದಳು. ಮಗಳು ಜೊವಿಲಿನ್ ನರ್ಸಿಂಗಿನ ಮೂರನೇ ವರ್ಷ ಮುಗಿಸಿದ್ದಳು. ಕೊನೆಯ ವರ್ಷದ ಶುಲ್ಕ, ಆಸ್ಪತ್ರೆಯ ತರಬೇತಿ, ಪರೀಕ್ಷೆ, ಎಲ್ಲಕ್ಕೂ ಆಗುವಷ್ಟು, ಮೂವತ್ತೆಂಟು ಸಾವಿರ ಹಾಂಕಾಂಗ್ ಡಾಲರ್, ರೊವೆನಾಳ ಖಾತೆಯಲ್ಲಿತ್ತು. ಒಂದನೇ ತಾರೀಕು ಅದನ್ನು ತೆಗೆದು ಊರಿಗೆ ಕಳಿಸಬೇಕಾಗಿದ್ದವಳು ನೆನಿತಾ. ಒಂದನೇ ತಾರೀಕು ಅವಳಿಂದ ಬಂದದ್ದು ಅಳುವ ಫೋನು. ಖಾತೆಯಲ್ಲಿ ಏನೂ ಇಲ್ಲ ಅಕ್ಕ, ಕಾರ್ಡು ನನ್ನ ಚೀಲ ಬಿಟ್ಟು ಹೋಗಿಲ್ಲ ಅಕ್ಕ, ಯಾರೋ ನಕಲು ಮಾಡಿದ್ದಾರೆ ಅಕ್ಕ.

ರೊವೆನಾ ನಂಬಿದಳು. ನಂಬಿದ್ದಷ್ಟೇ ಅಲ್ಲ, ಅವಳನ್ನು ಕಾಪಾಡಲೂ ಹೊರಟಳು. ಕಾರ್ಡನ್ನು ಇನ್ನೊಬ್ಬರಿಗೆ ಕೊಡುವುದೇ ತಪ್ಪು, ಗೊತ್ತಾದರೆ ಇಬ್ಬರ ಕೆಲಸವೂ ಹೋಗುತ್ತದೆ ಎಂದು ರಟ್ಟಿನ ಮೇಲೆ ಕೂತವರೆಲ್ಲ ಹೆದರಿಸಿದ್ದರು. ಹಾಗಾಗಿ, ಹಾಂಕಾಂಗಿಗೆ ಮರಳಿದ ಮೇಲೆ, ಕಾರ್ಡು ನನ್ನ ಪೆಟ್ಟಿಗೆಯಲ್ಲೇ ಇತ್ತು ಎಂದು ಬ್ಯಾಂಕಿನವರಿಗೂ ಪೊಲೀಸರಿಗೂ ಬರೆದುಕೊಟ್ಟಳು. ಜನ್ಮದಲ್ಲಿ ಅವಳು ಹಾಗೆ ಬರೆದು ರುಜು ಹಾಕಿದ ಸುಳ್ಳು ಅದೊಂದೇ. ಪೊಲೀಸ್ ಅಧಿಕಾರಿ ಚಿಕ್ಕ ವಯಸ್ಸಿನವನು, ಸಭ್ಯ. ನಕಲಿ ಕಾರ್ಡಲ್ಲ, ಅಸಲಿ ಕಾರ್ಡೇ, ಸರಿಯಾದ ಸಂಖ್ಯೆಯನ್ನೇ ಒತ್ತಿದ್ದಾರೆ ಎಂದು ವಿವರಿಸಿ, ಪರದೆಯನ್ನು ಅವಳತ್ತ ತಿರುಗಿಸಿದ. ಊರಾಚೆಯ ಯಾವುದೋ ರೈಲು ನಿಲ್ದಾಣದ ಎಟಿಎಂ. ಟೊಪ್ಪಿ, ಮುಖಗವಸು ಹಾಕಿದ ಒಬ್ಬ ಹೆಂಗಸು. ಒಂದನೇ ತಾರೀಕಿಗೆ ಇನ್ನೂ ಮೂರು ದಿನವಿದ್ದಾಗ ತೆಗೆದ ಚಿತ್ರ. ಮುಖ ಕಾಣುತ್ತಿರಲಿಲ್ಲ. ಹೆಗಲಲ್ಲಿ ಬಿಳಿ ದಾರದ, ಹಸಿರು ಅಂಚಿನ ಕ್ರೋಶಾ ಹೆಣಿಗೆಯ ಚೀಲ ಕಾಣುತ್ತಿತ್ತು.

ಆ ಚೀಲವನ್ನು ನೆನಿತಾಳ ಹುಟ್ಟುಹಬ್ಬಕ್ಕೆಂದು ನಾಲ್ಕು ಭಾನುವಾರ ಕೂತು ಹೆಣೆದವಳು ರೊವೆನಾ. ಕೊನೆಗೆ ಬಿಳಿ ದಾರ ಸಾಲದೆ ಹಸಿರು ಸೇರಿಸಿದ್ದಳು.

"ಇವರ ಗುರುತು ಇದೆಯಾ?" ಎಂದು ಅಧಿಕಾರಿ ಕೇಳಿದ.

"ಇಲ್ಲ," ಎಂದಳು ರೊವೆನಾ. ಹೆದರಿಕೆಯಿಂದ ಹೇಳಿದಳು ಎಂದು ಮೊದಲು ಅವಳಿಗೇ ಅನ್ನಿಸಿತ್ತು. ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು, ಹೆದರಿಕೆಯಲ್ಲ. ಪೊಲೀಸರಿಗೆ ಕೊಟ್ಟುಬಿಟ್ಟರೆ ಅವಳು ಪೊಲೀಸರ ಪಾಲಾಗುತ್ತಾಳೆ. ರೊವೆನಾಳಿಗೆ ಅವಳು ತನ್ನ ಪಾಲಿಗೇ ಬೇಕಿತ್ತು.

ಜೊವಿಲಿನ್ ಕಾಲೇಜು ಬಿಟ್ಟಳು. ಊರಿನ ಔಷಧಿ ಅಂಗಡಿಯಲ್ಲಿ ಲೆಕ್ಕದ ಕಿಟಕಿಯ ಹಿಂದೆ ಮೂರು ವರ್ಷ ಕೂತು, ಇಪ್ಪತ್ನಾಲ್ಕು ತುಂಬಿದಾಗ ಹಾಂಕಾಂಗಿಗೆ ಮನೆಗೆಲಸಕ್ಕೆ ಅರ್ಜಿ ಹಾಕಿದಳು. ನೀನು ಬರಬೇಡ ಎಂದು ರೊವೆನಾ ಬೇಡಿಕೊಂಡಿದ್ದಳು. ತನ್ನ ಮಗಳು ಇನ್ನೊಬ್ಬರ ಕಕ್ಕಸು ತೊಳೆಯಬಾರದೆಂದೇ ಅವಳು ಹನ್ನೊಂದು ವರ್ಷ ಇನ್ನೊಬ್ಬರ ಕಕ್ಕಸು ತೊಳೆದದ್ದು. "ಅಮ್ಮ, ಬೇರೆ ದಾರಿ ಇದ್ರೆ ಹೇಳು," ಎಂದಿದ್ದಳು ಜೊವಿಲಿನ್. ಇರಲಿಲ್ಲ.

ಈ ಮೂರು ವರ್ಷ ರೊವೆನಾ ನೆನಿತಾಳ ಜೊತೆ ಸಕ್ಕರೆಯಂತೆ ಇದ್ದಳು. ಜ್ವರ ಬಂದರೆ ಶುಂಠಿ ಹಾಕಿದ ಗಂಜಿ ಮಾಡಿಕೊಂಡು ಹೋದಳು. ನೆನಿತಾ ಊರಲ್ಲಿ ಮನೆಗೆ ಹೊಸ ನೀಲಿ ತಗಡು ಹೊದಿಸಿ ಫೇಸ್‌ಬುಕ್ಕಿನಲ್ಲಿ ಚಿತ್ರ ಹಾಕಿದಾಗ ಎಲ್ಲರಿಗಿಂತ ಮೊದಲು ಹೃದಯದ ಗುರುತು ಒತ್ತಿದಳು. ಒತ್ತಿದ ಬೆರಳನ್ನು ಆಮೇಲೆ ಸೋಪು ಹಾಕಿ ತೊಳೆದುಕೊಂಡಳು. ಹಗೆಯನ್ನು ಇಷ್ಟು ದಿನ ಬೆಚ್ಚಗೆ ಇಟ್ಟುಕೊಳ್ಳಲು ಆಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಈಗ ನೆನಿತಾ ನೋಡಿಕೊಳ್ಳುತ್ತಿದ್ದ ಮುದುಕಿ ಮಗನ ಜೊತೆ ಕೆನಡಾಕ್ಕೆ ಹೊರಟಿದ್ದಳು, ನೆನಿತಾಳ ಕೆಲಸ ಮುಗಿದಿತ್ತು. ಒಂಬತ್ತು ವರ್ಷದ ಸೇವೆಗೆ ಆ ಮನೆಯವರು ಕೊಡುವ ಇಡಿಗಂಟು ಒಂದು ವಾರದಲ್ಲಿ ನೆನಿತಾಳ ಖಾತೆಗೆ ಬೀಳುವುದಿತ್ತು. ಅದರಲ್ಲಿ ಹಂದಿ ಸಾಕಣೆ ಮಾಡುವುದೆಂದು ಗೂಡು ಕಟ್ಟಿಸಿ, ಹನ್ನೆರಡು ಮರಿಗೆ ಮುಂಗಡ ಕೊಟ್ಟಾಗಿತ್ತು.

ಬುಧವಾರ ನೆನಿತಾಳನ್ನು ವಿಮಾನ ನಿಲ್ದಾಣದ ಬಸ್ಸು ಹತ್ತಿಸಲು ರೊವೆನಾ ತನ್ನ ಮೇಡಂ ಹತ್ತಿರ ಅರ್ಧ ಗಂಟೆ ಕೇಳಿಕೊಂಡು ಬಂದಳು. ನೆನಿತಾ ತಬ್ಬಿಕೊಂಡು ಅತ್ತಳು.

"ಒಡಹುಟ್ಟಿದೋಳೂ ನಿನ್ನಷ್ಟು ಮಾಡ್ತಿರಲಿಲ್ಲ ಅಕ್ಕ."

"ಹೋಗ್ಬಾ. ಚೀಲ ಜೋಪಾನ," ಎಂದಳು ರೊವೆನಾ.

ಹಸಿರು ಅಂಚಿನ ಚೀಲ ನೆನಿತಾಳ ಹೆಗಲಲ್ಲೇ ಇತ್ತು. ಬಸ್ಸು ಹೋಯಿತು. ಎರಡು ದಿನದಲ್ಲಿ ನೆನಿತಾಳ ಹಾಂಕಾಂಗಿನ ಫೋನ್ ನಂಬರು ಸತ್ತಿತು, ಅದರ ಜೊತೆಗೆ ಫೋನಿನಲ್ಲಿದ್ದ ಬ್ಯಾಂಕಿನ ಬಾಗಿಲೂ ಮುಚ್ಚಿತು. ಇನ್ನು ಆ ದುಡ್ಡಿಗೆ ಇದ್ದ ದಾರಿ ರೊವೆನಾಳ ಪರ್ಸಿನಲ್ಲಿದ್ದ ಕಾರ್ಡು ಒಂದೇ.

ಮುಂದಿನ ಗುರುವಾರ ಬೆಳಿಗ್ಗೆ ಮೀನು ತರಲು ಮಾರುಕಟ್ಟೆಗೆ ಹೊರಟವಳು ದಾರಿಯಲ್ಲಿ ಎಟಿಎಮ್ಮಿನ ಮುಂದೆ ನಿಂತಳು. ನೆನಿತಾಳ ಸಂಖ್ಯೆ ಒತ್ತಿ ನೋಡಿದಳು. ದುಡ್ಡು ಬಂದಿತ್ತು. ಒಂದು ಗಳಿಗೆ ಅಷ್ಟನ್ನೂ ತೆಗೆದುಕೊಂಡುಬಿಡೋಣ ಅನ್ನಿಸಿತು. ತೆಗೆದರೆ ತಾನೂ ಅವಳೂ ಒಂದೇ ತಕ್ಕಡಿಯಲ್ಲಿ ಕೂತ ಹಾಗೆ. ಅದು ಅವಳಿಗೆ ಬೇಡವಾಗಿತ್ತು. ಕಾರ್ಡು ಹೊರತೆಗೆದು ಮತ್ತೆ ತೂರಿಸಿದಳು. ಈ ಸಲ ಜೊವಿಲಿನ್ ಹುಟ್ಟಿದ ದಿನಾಂಕ ಒತ್ತಿದಳು. ಅದು ಮೂರು ವರ್ಷದ ಹಿಂದೆ ಅವಳದೇ ಕಾರ್ಡಿನ ಸಂಖ್ಯೆ, ನೆನಿತಾ ಆ ರೈಲು ನಿಲ್ದಾಣದಲ್ಲಿ ಒತ್ತಿದ ಸಂಖ್ಯೆ. ತಪ್ಪು ಎಂದಿತು ಯಂತ್ರ. ಮತ್ತೆ ಅದನ್ನೇ ಒತ್ತಿದಳು. ಮೂರನೇ ಸಲಕ್ಕೆ ಯಂತ್ರ ಗರ್ ಎಂದು ಕಾರ್ಡನ್ನು ಒಳಗೆ ಎಳೆದುಕೊಂಡಿತು. ರೊವೆನಾ ಪಕ್ಕದ ಬ್ಯಾಂಕಿನಲ್ಲಿ ಒಂದು ಮಾತು ಕೇಳಿಕೊಂಡು, ಮಾರುಕಟ್ಟೆಗೆ ಹೋಗಿ ಮೇಡಂಗೆ ಇಷ್ಟವಾದ ಮೀನನ್ನೇ ಆರಿಸಿ ತಂದಳು.

ಮಧ್ಯಾಹ್ನ ಇಸ್ತ್ರಿ ಹಾಕುತ್ತಿದ್ದಾಗ ಊರಿನಿಂದ ನೆನಿತಾಳ ವೀಡಿಯೊ ಕರೆ ಬಂತು. ಪರದೆಯಲ್ಲಿ ಅವಳ ಮುಖ, ಹಿಂದೆ ನೀಲಿ ತಗಡಿನ ಅಂಚು.

"ಬಂತಾ ಅಕ್ಕ?"

"ಬಂತು. ಆದ್ರೆ ಮಿಷನ್ನು ಕಾರ್ಡು ನುಂಗಿತು."

"ಅಯ್ಯೋ, ಹೆಂಗೆ?"

"ಮೂರು ಸಲ ತಪ್ಪು ನಂಬರ್ ಒತ್ತಿದ್ರೆ ನುಂಗುತ್ತೆ. ಬ್ಯಾಂಕಿಗೆ ಹೋಗಿ ಕೇಳ್ದೆ. ಕಾರ್ಡು ಯಾರದ್ದೋ ಅವರೇ ಪಾಸ್‌ಪೋರ್ಟು ಹಿಡ್ಕೊಂಡು ಖುದ್ದು ಬರಬೇಕಂತೆ."

ನೆನಿತಾ ಹಣೆ ಉಜ್ಜಿಕೊಂಡಳು. "ನಾಳೆ ಹಂದಿಮರಿಯೋರು ಬರ್ತಾರೆ. ಏನು ಹೇಳ್ಲಿ ಅವರಿಗೆ? ಆಗಲಿ, ಹೆಂಗಾದ್ರೂ ಟಿಕೆಟ್ಟಿಗೆ ಸಾಲ ಮಾಡಿ ಬರ್ತೀನಿ. ಎರಡು ದಿನದ ಕೆಲಸ ತಾನೇ."

"ಬಾ. ಬರುವಾಗ ಆ ಹಸಿರು ಅಂಚಿನ ಚೀಲ ಮಾತ್ರ ತರಬೇಡ."

"ಯಾಕೆ?"

"ಅದರ ಫೋಟೋ ಪೊಲೀಸರ ಹತ್ರ ಇದೆ."

ಇಸ್ತ್ರಿಪೆಟ್ಟಿಗೆ ಬುಸ್ ಎಂದು ಹಬೆ ಬಿಟ್ಟಿತು. ರೊವೆನಾ ಅದನ್ನು ಎತ್ತಿ ನಿಲ್ಲಿಸಿದಳು. ಪರದೆಯಲ್ಲಿ ನೆನಿತಾಳ ಹಿಂದೆ ಎಲ್ಲೋ ಒಂದು ಕೋಳಿ ಕೂಗಿತು.

"ನೀನು ಟೊಪ್ಪಿ ಹಾಕ್ಕೊಂಡಿದ್ದೆ, ಮುಖ ಮುಚ್ಕೊಂಡಿದ್ದೆ. ಚೀಲ ಮುಚ್ಚೋದು ಮರೆತೆ. ಮೂರು ವರ್ಷದ ಹಿಂದೆ ಇವಳ್ಯಾರು ಅಂತ ಕೇಳಿದ್ರು, ಗೊತ್ತಿಲ್ಲ ಅಂದಿದ್ದೆ. ನೀನು ಈ ಊರಲ್ಲಿ ಕಾಲಿಟ್ಟ ದಿನ ಹೋಗಿ, ಗೊತ್ತು ಅಂತೀನಿ."

"ಅಕ್ಕ, ಸುಳ್ಳು ಹೇಳಿದ್ದಕ್ಕೆ ನಿನ್ನನ್ನೂ ಹಿಡೀತಾರೆ."

"ಹಿಡೀಲಿ. ಜೊತೆಗೇ ಕೂರೋಣ."

ನೆನಿತಾಳ ಮುಖ ಸಣ್ಣದಾಯಿತು. "ಚಂಡಮಾರುತಕ್ಕೆ ಮನೆ ಮೇಲಿನ ತಗಡು ಹಾರಿಹೋಗಿತ್ತು. ಮಕ್ಕಳು ಟಾರ್ಪಾಲಿನ ಕೆಳಗೆ ಮಲಗ್ತಿದ್ರು. ನಿಂಗೆ ಗೊತ್ತಾಗೋ ಮುಂಚೆ ತಿರುಗಿ ಹಾಕ್ಬಿಡ್ಬೇಕು ಅಂತಿದ್ದೆ, ದೇವರಾಣೆ."

"ಕೇಳಿದ್ದಿದ್ರೆ ಕೊಡ್ತಿದ್ದೆ ಕಣೆ," ಎಂದಳು ರೊವೆನಾ. ಇಷ್ಟು ಹೊತ್ತು ಗಟ್ಟಿಯಾಗಿದ್ದ ಅವಳ ದನಿ ಇಲ್ಲಿ ಒಡೆಯಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು. "ತಗಡಿಗೆ ಎಷ್ಟು ಬೇಕೋ ಅಷ್ಟು ಕೊಡ್ತಿದ್ದೆ. ನೀನು ನನ್ನ ಮಗಳ ಓದು ಅಷ್ಟನ್ನೂ ಗುಡಿಸ್ಕೊಂಡು ಹೋದೆ. ಮೂರು ವರ್ಷ ನನ್ನ ಗಂಜಿ ಕುಡಿದು ಅಕ್ಕ ಅಕ್ಕ ಅಂದೆ."

"ಈಗ ನನ್ನ ದುಡ್ಡು?"

"ನಿನ್ನದೇ. ಒಂದು ಕಾಸೂ ಮುಟ್ಟಿಲ್ಲ. ಬ್ಯಾಂಕಲ್ಲೇ ಇದೆ, ನಿನ್ನ ಹೆಸರಲ್ಲೇ ಇದೆ. ಬೇಕಾದಾಗ ಬಂದು ತಗೋ."

ಫೋನು ಇಟ್ಟು ಅವಳು ಉಳಿದ ಅಂಗಿಗಳಿಗೆ ಇಸ್ತ್ರಿ ಹಾಕಿದಳು. ಮನಸ್ಸಿಗೆ ತಂಪಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ದಿನ ಎರಡು ತಟ್ಟೆ ಅನ್ನ ಉಂಡಳು.

ಜೊವಿಲಿನ್ ಮುಂದಿನ ತಿಂಗಳು ಬಂದು ಇಳಿದಳು. ಮೊದಲ ಸಂಬಳದ ಭಾನುವಾರ ತಾಯಿಯ ಜೊತೆ ರಟ್ಟಿನ ಮೇಲೆ ಬಂದು ಕೂತಳು. ಎಲ್ಲರೂ ಅವಳ ಗಲ್ಲ ಹಿಂಡಿದರು. ಬಂದಿಲ್ಲದ ನೆನಿತಾಳ ಸುದ್ದಿಯೂ ಬಂತು. ಹಂದಿಗೂಡು ಖಾಲಿ ಇದೆಯಂತೆ, ಸಿಂಗಾಪುರಕ್ಕೆ ಕೆಲಸ ಹುಡುಕುತ್ತಿದ್ದಾಳಂತೆ, ಹಾಂಕಾಂಗ್ ಮಾತ್ರ ಬೇಡವಂತೆ. ರೊವೆನಾ ಪನ್ಸಿತ್ತಿಗೆ ನಿಂಬೆ ಹಿಂಡುತ್ತಲೇ ಇದ್ದಳು.

ದೆಲಿಯಾ ಕಾರ್ಡುಗಳನ್ನು ಒಟ್ಟು ಮಾಡಿ, ಜೊವಿಲಿನ್ ಕಡೆಗೂ ಕೈ ಚಾಚಿದಳು. "ತಾ ಮಗಳೇ, ನಿಂದೂ ತೆಗೆದುಕೊಂಡು ಬರ್ತೀನಿ. ನಂಬರ್ ಹೇಳು."

"ಅವಳೇ ನಿಲ್ಲಲಿ," ಎಂದಳು ರೊವೆನಾ.

"ಇದೇನೇ, ಎರಡು ಗಂಟೆ ನಿಲ್ಬೇಕಲ್ಲ ಪಾಪದ್ದು."

"ನಿಲ್ಲಲಿ."

ತಾಯಿ ಮಗಳು ಸಾಲಿನಲ್ಲಿ ಮೆಟ್ಟಿಲಿಂದ ಮೂಲೆಗೆ, ಮೂಲೆಯಿಂದ ಯಂತ್ರಕ್ಕೆ ಬರುವಾಗ ಬಿಸಿಲು ಇಳಿದಿತ್ತು. ಕಾರ್ಡು ಹೇಗೆ ತೂರಿಸಬೇಕೆಂದು ರೊವೆನಾ ತೋರಿಸಿಕೊಟ್ಟಳು. ಹೊರದೇಶಕ್ಕೆ ಒಪ್ಪಿಗೆ ಕೇಳಿದರೆ ನೀನೇ ಯೋಚಿಸಿ ಒತ್ತು, ಯಾರನ್ನೂ ಕೇಳಬೇಡ ಎಂದಳು. "ಯಾರಿಗೂ ಕಾಣಬಾರದು. ಇನ್ನೊಂದು ಕೈ ಅಡ್ಡ ಇಡು."

ಜೊವಿಲಿನ್ ಎಡಗೈಯನ್ನು ಗುಂಡಿಗಳ ಮೇಲೆ ಕಮಾನಿನಂತೆ ಹಿಡಿದಳು. ಒಂದೇ ತಿಂಗಳ ಬ್ಲೀಚಿಗೆ ಆ ಬೆರಳುಗಳ ಗೆಣ್ಣು ಕೆಂಪಾಗಿ ಸಿಪ್ಪೆ ಎದ್ದಿತ್ತು. ಸಂಖ್ಯೆ ಒತ್ತಬೇಕೆನ್ನುವಾಗ ತಡೆದು, ಹೆಗಲ ಮೇಲಿಂದ ಹಿಂದೆ ನೋಡಿದಳು.

"ಅಮ್ಮ, ನೀನೂ ಸ್ವಲ್ಪ ಆಚೆ ಹೋಗು."

ರೊವೆನಾ ಎರಡು ಹೆಜ್ಜೆ ಹಿಂದೆ ಸರಿದು, ನೆಲಕ್ಕೆ ಬಳಿದಿದ್ದ ಹಳದಿ ಗೆರೆಯ ಆಚೆ, ಉಳಿದವರ ಜೊತೆ ನಿಂತಳು.