ಸೆಪ್ಟೆಂಬರ್‌ನ ಕಾಗದ

ಐದನೇ ತರಗತಿಗೆ ಬಂದರೂ ಕೆಜಾಯಾಗೆ ಸರಿಯಾಗಿ ಓದಲು ಬರುವುದಿಲ್ಲವೆಂಬುದು ಅವಳ ಸರ್ಕಾರಿ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದವಳು ಓದಿದ್ದನ್ನು ಕೇಳಿಸಿಕೊಂಡು ತಾನೇ ಓದಿದಂತೆ ಒಪ್ಪಿಸುವುದರಲ್ಲಿ ಅವಳು ನಿಸ್ಸೀಮಳು. ಅಕ್ಟೋಬರ್‌ನಲ್ಲಿ ಮೆಂಫಿಸ್ ನಗರದ ವಿಶ್ವವಿದ್ಯಾಲಯದವರು ಬಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಿದಾಗ ಗುಟ್ಟು ರಟ್ಟಾಯಿತು. ಅಂದಿನಿಂದ ಮಂಗಳವಾರ, ಗುರುವಾರ ಶಾಲೆ ಬಿಟ್ಟ ಮೇಲೆ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಹೋಲಿಸ್, ಶಾಲೆಯ ಲೈಬ್ರರಿಯಲ್ಲಿ ಅವಳ ಪಕ್ಕ ಕೂತು ಓದಿಸುತ್ತಿದ್ದಳು. ಉದ್ದದ ಪದ ಬಂದರೆ ಅರ್ಧವನ್ನು ಬೆರಳಿನಿಂದ ಮುಚ್ಚುವಳು. "ಇಷ್ಟೇ ನೋಡು. ಉಳಿದದ್ದು ಎಲ್ಲೂ ಓಡಿಹೋಗಲ್ಲ."

ಫೆಬ್ರವರಿಯ ಒಂದು ಗುರುವಾರಕ್ಕೆ ಮನೆಯಲ್ಲಿರುವ ಯಾವುದಾದರೂ ಅಚ್ಚಿನ ಕಾಗದ ತರಬೇಕೆಂದು ಹೋಲಿಸ್ ಹೇಳಿದ್ದಳು. ಕೆಜಾಯಾ ಅಡುಗೆಮನೆಯ ಡ್ರಾಯರ್‌ನಿಂದ ಚರ್ಚಿನ ಹಾಳೆಗಳನ್ನು ಬಾಚಿಕೊಂಡು ಬಂದಿದ್ದಳು. ಅವುಗಳ ನಡುವಿನಿಂದ ಒಂದು ಲಕೋಟೆ ಜಾರಿಬಿತ್ತು. ಕಂಡ ಕೂಡಲೇ ಗುರುತು ಸಿಕ್ಕಿತು.

ಅದು ಸೆಪ್ಟೆಂಬರ್‌ನಲ್ಲಿ ಅವಳ ಅಜ್ಜಿ ಅರ್ನೆಸ್ಟೀನ್ ತಪಾಸಣೆ ಮಾಡಿಸಿಕೊಂಡ ಮೇಲೆ ಆಸ್ಪತ್ರೆಯಿಂದ ಬಂದದ್ದು. ಅಜ್ಜಿಯ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. "ಓದೇ ಪುಟ್ಟಿ, ಏನಂತೆ?" ಎಂದಿದ್ದಳು. ಕೆಜಾಯಾ ಒಂದು ಗಳಿಗೆ ಅಕ್ಷರಗಳನ್ನೇ ದಿಟ್ಟಿಸಿ, "ಎಲ್ಲಾ ಚೆನ್ನಾಗಿದೆಯಂತೆ ಅಜ್ಜಿ. ಬರೋ ವರ್ಷ ಬಂದ್ರೆ ಸಾಕಂತೆ" ಎಂದುಬಿಟ್ಟಿದ್ದಳು. ಆ ಖುಷಿಗೆ ಅಜ್ಜಿ ಅಂದು ಮೀನು ಕರಿದಿದ್ದಳು.

ಈಗ ಲೈಬ್ರರಿಯ ಮೇಜಿನ ಕೆಳಗೆ ಕಾಗದ ಬಿಚ್ಚಿ, ಬೆರಳಿನಿಂದ ಅರ್ಧರ್ಧ ಮುಚ್ಚುತ್ತಾ ಓದಿದಳು. ಎಡ ಎದೆ. ಗಡ್ಡೆ. ಅನು... ಅನುಮಾನ. ಕೂಡಲೇ ಬರಬೇಕು.

ಕಾಗದವನ್ನು ಚೀಲಕ್ಕೆ ತುರುಕಿದಳು. ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಗೆ ಹೊರಟಳು. ಬಾಗಿಲು ತೆರೆದರೆ ಅಜ್ಜಿ ನೆಲದ ಮೇಲೆ ಬಿದ್ದಿರುತ್ತಾಳೆಂದು ದಾರಿಯುದ್ದಕ್ಕೂ ಅನಿಸುತ್ತಿತ್ತು. ಅಜ್ಜಿ ಒಲೆಯ ಮುಂದೆ ನಿಂತು ಹಾಡಿಕೊಳ್ಳುತ್ತಿದ್ದಳು. ಅದನ್ನು ಕಂಡು ಹೆದರಿಕೆ ಇನ್ನೂ ಹೆಚ್ಚಾಯಿತು. ಹೇಳಿದರೆ ಅಜ್ಜಿಗೆ ಏನಾದರೂ ಆಗಬಹುದು, ಹೇಳದಿದ್ದರೂ ಆಗುತ್ತದೆ. ನಾಲ್ಕು ದಿನ ಅವಳು ಅಜ್ಜಿಯ ಉಸಿರನ್ನೇ ಲೆಕ್ಕ ಹಾಕುತ್ತಾ ಕಳೆದಳು. ಭಾನುವಾರ ಚರ್ಚಿನಲ್ಲಿ ಹಾಡುತ್ತಾ ಹಾಡುತ್ತಾ ಅಜ್ಜಿ ನಿಲ್ಲಿಸಿ, ಎಡ ಕಂಕುಳನ್ನು ಒತ್ತಿಕೊಂಡಳು. ಕೆಜಾಯಾ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮಂಗಳವಾರ ಕಾಗದವನ್ನು ಹೋಲಿಸ್‌ಳ ಮುಂದೆ ತಳ್ಳಿದಳು. "ನಾನು ತಪ್ಪಾಗಿ ಓದಿದೀನಿ ಅಂತ ಹೇಳಿ ಮಿಸ್, ಪ್ಲೀಸ್."

ಹೋಲಿಸ್ ಎರಡು ಸಲ ಓದಿದಳು. "ಇಲ್ಲ ಕಣೇ. ಸರಿಯಾಗೇ ಓದಿದೀಯ." ಕಾಗದವನ್ನು ಮಡಚಿ ಲಕೋಟೆಗೆ ಸೇರಿಸಿದಳು. "ಇದು ನಾವಿಬ್ಬರೇ ಇಟ್ಕೊಳ್ಳೋ ಮಾತಲ್ಲ. ನಡಿ, ನಾನೂ ಬರ್ತೀನಿ."

ಹೆಡ್‌ಮಿಸ್‌ಗೆ ಹೇಳಿ ಇಬ್ಬರೂ ಮನೆಗೆ ಹೋದರು. ಹೋಲಿಸ್ ಬಾಯಿ ತೆರೆಯುವ ಮೊದಲೇ ಕೆಜಾಯಾ ಕಾಗದವನ್ನು ಪೂರ್ತಿ ಓದಿದಳು. ತಡವರಿಸಿದಳು, ಆದರೆ ಒಂದು ಪದವನ್ನೂ ಬಿಡಲಿಲ್ಲ. ಅಜ್ಜಿ ಹಿಟ್ಟಿನ ಕೈಯಲ್ಲೇ ಕುರ್ಚಿಗೆ ಕುಸಿದಳು.

"ಮತ್ತೆ ಅವತ್ತು ಚೆನ್ನಾಗಿದೆ ಅಂದ್ಯಲ್ಲೇ?"

"ನಂಗೆ ಓದೋಕೆ ಬರ್ತಿರ್ಲಿಲ್ಲ ಅಜ್ಜಿ."

"ಬರಲ್ಲ ಅನ್ನೋಕೆ ಏನಾಗಿತ್ತು ನಿಂಗೆ?"

"ನಾಚಿಕೆ ಆಯ್ತು."

ಅಜ್ಜಿ ಕೈಯ ಹಿಟ್ಟನ್ನು ಬಟ್ಟೆಗೆ ಒರೆಸಿಕೊಂಡಳು. "ಆಸ್ಪತ್ರೆಯವರು ಫೋನೂ ಮಾಡಿರ್ಬೇಕು. ಗುರುತಿಲ್ಲದ ನಂಬರ್ ಅಂತ ನಾನೇ ಎತ್ತಿರ್ಲಿಲ್ಲ" ಎಂದಳು ಆಮೇಲೆ. "ನಾನು ಕುರುಡಿ, ನೀನು ಕಳ್ಳಿ. ಒಳ್ಳೇ ಜೋಡಿ ಕಣೇ ನಮ್ದು." ನಗಲು ಹೋದಳು, ಆಗಲಿಲ್ಲ.

ಮಾರ್ಚ್‌ನಲ್ಲಿ ಆಪರೇಷನ್ ಆಯಿತು. ಗಡ್ಡೆ ತೆಗೆದರು, ಆದರೆ ಅದು ಕಂಕುಳಿನವರೆಗೂ ಹಬ್ಬಿತ್ತು. ಕೆಜಾಯಾ ಡಾಕ್ಟರನ್ನು ಹಿಂಬಾಲಿಸಿ ಹೋಗಿ ಕೇಳಿದಳು, "ಸೆಪ್ಟೆಂಬರ್‌ನಲ್ಲೇ ಬಂದಿದ್ರೆ?"

ಡಾಕ್ಟರಮ್ಮ ಮಗುವಿನ ಮುಖ ನೋಡಿ, ಸುಳ್ಳು ಹೇಳಲಾರದೆ, "ಇಷ್ಟು ಕಷ್ಟ ಆಗ್ತಿರ್ಲಿಲ್ಲ. ಆದ್ರೆ ಇನ್ನೂ ತಡ ಆಗಿದ್ರೆ ಏನೂ ಮಾಡೋಕಾಗ್ತಿರ್ಲಿಲ್ಲ" ಎಂದಳು.

ಆರು ತಿಂಗಳು ಔಷಧಿ ನಡೆಯಿತು. ಅಜ್ಜಿಯ ಕೂದಲೆಲ್ಲ ಉದುರಿತು, ಜೀವ ಉಳಿಯಿತು. ಆಮೇಲೆ ಮೂರು ತಿಂಗಳಿಗೊಮ್ಮೆ ತಪಾಸಣೆ. ಅದರ ಹಿಂದಿನ ದಿನ ಅಜ್ಜಿ ಎಷ್ಟು ಬೈದರೂ ಕೆಜಾಯಾ ಊಟ ಮುಟ್ಟುವುದಿಲ್ಲ.