ಅರ್ಧ ಚಮಚ ಚುರಮುರಿ

ಮಾಗಿಯ ಚಳಿ. ಹೊತ್ತು ಮೂಡಿ ಮೊಳದುದ್ದ ಏರಿತ್ತು, ಹಾಲಿನವನ ಸೈಕಲ್ಲು ಆಗಷ್ಟೇ ಓಣಿ ದಾಟಿ ಹೋಗಿತ್ತು. ಆ ಹೊತ್ತಿನಲ್ಲಿ ನಾನು ಹುಟ್ಟಿದೆ. ನಾನೊಂದು ಬೋಗುಣಿ. ಎರಡು ಅಂಗೈ ಕೂಡಿಸಿ ಹಿಡಿದರೆ ತುಂಬುವಷ್ಟು ಅಗಲ, ನಾಲ್ಕು ಬೆರಳು ಆಳ.

ನನ್ನನ್ನು ತಿಗರಿಯ ಮೇಲೆ ಎತ್ತಿದವಳು ಕಸ್ತೂರಿ, ಧಾರವಾಡದ ಅಂಚಿನ ಒಂದು ಕುಂಬಾರ ಮನೆಯ ಸೊಸೆ. ಗಂಡ ಲಾರಿಯ ಮೇಲಿರುತ್ತಿದ್ದ, ತಿಂಗಳಿಗೊಮ್ಮೆ ಬಂದು ಹೋಗುವವ. ಮನೆಯಲ್ಲಿ ಅವಳು, ಅವಳ ಅತ್ತೆ ಸಾತವ್ವ, ಇಬ್ಬರೇ. ಕಸ್ತೂರಿ ಆರು ತಿಂಗಳು ತರಬೇತಿಗೆ ಹೋಗಿ ಮಣ್ಣಿಗೆ ಗಾಜಿನಂಥ ಮೆರುಗು ಕೊಡುವುದನ್ನು ಕಲಿತು ಬಂದಿದ್ದಳು. ಹಿತ್ತಲಲ್ಲಿ ಗ್ಯಾಸಿನ ಭಟ್ಟಿ ಹಾಕಿಸಿದ್ದಳು. ಆ ಭಟ್ಟಿಯ ಬೆಂಕಿಗೆ ಕೆರೆಯ ಮಣ್ಣು ತಾಳುವುದಿಲ್ಲ. ಹಾಗಾಗಿ ನಾನು ಚೀಲದಲ್ಲಿ ಬಂದ ಬೂದು ಬಣ್ಣದ ಗಟ್ಟಿ ಮಣ್ಣು. ಸಾತವ್ವನಿಗೆ ಅದು ಸೇರುತ್ತಿರಲಿಲ್ಲ.

“ಅಂಗಡ್ಯಾಗ ಮಣ್ಣು ಕೊಂಡು ಗಡಗಿ ಮಾಡೂ ಕುಂಬಾರ್ತಿನ್ನ ಇದ ಮೊದಲ ಸಲ ನೋಡಾಕತ್ತೀನಿ.”

“ಆ ಗಡಗಿ ಮಾರೇ ನಿಮ್ಮ ಕಣ್ಣಿನ ಆಪರೇಷನ್ ಮಾಡಿಸಿದ್ದು ಅತ್ತಿ.”

“ಅದಕ್ಕ ನೋಡಾಕತ್ತೀನಿ ಅಂದೆ.”

ನನ್ನನ್ನು ಒಣಗಿಸಿ, ಒಂದು ಸಲ ಸುಟ್ಟು, ಹಿತ್ತಲ ಬಾಗಿಲ ಪಕ್ಕದ ಹಲಗೆಯ ಮೇಲೆ ಇಟ್ಟಳು. ಮೆರುಗು ಇನ್ನೂ ಆಗಿರಲಿಲ್ಲ. ಆಗ ನಾನು ಒರಟು, ನೀರು ಬಿದ್ದರೆ ಹೀರುತ್ತಿದ್ದೆ. ಮಾತು ಬಿದ್ದರೂ ಹೀರುತ್ತಿದ್ದೆ ಅಂತ ಕಾಣುತ್ತದೆ. ಅಲ್ಲಿ ಕೇಳಿದ್ದೆಲ್ಲ ಇವತ್ತಿಗೂ ನನ್ನೊಳಗೆ ಇದೆ.

ಒಂದು ಮಧ್ಯಾಹ್ನ ಗುರುಪಾದಪ್ಪ ಹೂಗಾರ ಬಂದ. ಅರವತ್ತರ ಹತ್ತಿರದ ಒಂಟಿ ಮನುಷ್ಯ. ಪೇಟೆಯ ಮೂಲೆಯಲ್ಲಿ ಹೂವಿನ ಕಟ್ಟೆ ಅವನದು. ಬೆಳಗಾಗುತ್ತಲೇ ಮನೆ ಮನೆಗೆ ಹೂವು ಪತ್ರಿ ಹಾಕಿ ಬಂದು, ಆಮೇಲೆ ಮಾಲೆ ಕಟ್ಟುತ್ತ ಕೂರುವವ. ಹನ್ನೆರಡು ವರ್ಷ ಅವನ ಹಿಂದೆ ಒಂದು ನಾಯಿ ತಿರುಗುತ್ತಿತ್ತಂತೆ. ಬಿಳಿ ಮೈ, ಮೈತುಂಬ ಕಂದು ಚುಕ್ಕೆ. ಹೆಸರು ಚುರಮುರಿ. ಅದಕ್ಕೆ ಮೂತ್ರದ ಕಾಯಿಲೆಯಾಗಿ ಆಸ್ಪತ್ರೆಯಲ್ಲಿ ಹೋಯಿತು. ಹುಬ್ಬಳ್ಳಿಯಲ್ಲಿ ಪ್ರಾಣಿಗಳನ್ನು ಸುಡುವ ಒಂದು ಜಾಗ ಇದೆ ಅಂತ ಯಾರೋ ಹೇಳಿದರು, ಅಲ್ಲಿಗೆ ಒಯ್ದ. ಅವರು ಒಂದು ಸ್ಟೀಲಿನ ಡಬ್ಬಿಯಲ್ಲಿ ಬೂದಿ ಕೊಟ್ಟರು. ಆ ಡಬ್ಬಿಯನ್ನು ಅಂಗಿಯ ಒಳಗೆ, ಹೊಟ್ಟೆಗೆ ಆನಿಸಿಕೊಂಡು ಬಂದಿದ್ದ.

“ತಂಗೀ, ಡಾಕ್ಟರ್ ಬಾಯಾರ ಬೆಕ್ಕಿನ ಬೂದಿ ಹಚ್ಚಿ ಚಹಾದ ಕಪ್ಪು ಮಾಡಿಕೊಟ್ಟಿಯಂತಲ್ಲ. ನನ್ನ ಚುರಮುರಿನ್ನೂ ಹಂಗ ಯಾವದಾರ ಒಂದಕ್ಕ ಹಚ್ಚಿಕೊಡು.”

ಕಸ್ತೂರಿ ನನ್ನನ್ನು ತೋರಿಸಿದಳು. ಅವನು ನನ್ನ ಒರಟು ಮೈಯನ್ನು ಸವರಿ ನೋಡಿದ. “ಇದ ಇರಲಿ,” ಅಂದ. “ಕಿವಿ ಹಿಂದ ಹಿಂಗ ಇತ್ತು ನೋಡು ಅವಂದು.”

ಅವನು ಹೋದ ಮೇಲೆ ಸಾತವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. “ನಮ್ಮನ್ನ ಹುಗೀತಾರ, ಪುಣ್ಯಾ ಬಂತು. ಸುಡಾಂಗ ಇದ್ದಿದ್ರ ನೀ ನನ್ನೂ ಒಂದು ಹರವಿಗೆ ಹಚ್ಚಿ ಸಂತ್ಯಾಗ ಇಡ್ತಿದ್ದಿ.”

“ನಿಮ್ಮನ್ನ ಹಚ್ಚಿದ ಹರವ್ಯಾಗ ನೀರು ತಣ್ಣಗ ಆಗಂಗಿಲ್ರಿ ಅತ್ತಿ, ಕುದೀತಾವ.”

ಬೂದಿಯನ್ನು ಹಾಗೇ ಮೆರುಗಿಗೆ ಹಾಕಲು ಬರುವುದಿಲ್ಲ. ಮೊದಲು ನೀರಿನಲ್ಲಿ ಕದಡಬೇಕು, ಕ್ಷಾರ ಬಿಟ್ಟ ತಿಳಿಯನ್ನು ಬಸಿಯಬೇಕು, ಮತ್ತೆ ಕದಡಬೇಕು. ಮೂರು ದಿನ ಹೀಗೆ ಮಾಡಿ, ತಳದಲ್ಲಿ ನಿಂತದ್ದನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ ಜರಡಿ ಹಿಡಿಯಬೇಕು. ಕಸ್ತೂರಿ ಇದನ್ನೆಲ್ಲ ಚೊಕ್ಕವಾಗಿ ಮಾಡಿದಳು. ನಾಲ್ಕನೇ ದಿನ ಆ ಬೂದಿಯನ್ನು ಒಂದು ಹಳೆಯ ತಾಟಿನಲ್ಲಿ ಹರವಿ, ಹಿತ್ತಲಲ್ಲಿ ಬಿಸಿಲು ಬೀಳುವ ಒಂದೇ ಜಾಗ ಅಂತ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಇಟ್ಟು, ಸಿಲಿಂಡರ್ ತರಲು ಹೋದಳು.

ಹಲಗೆಯ ಮೇಲಿಂದ ನಾನು ನೋಡುತ್ತಿದ್ದೆ. ಸಾತವ್ವ ತಿಕ್ಕುವ ಪಾತ್ರೆ ಹೊತ್ತು ಬಂದಳು. ಅವಳು ಹುಟ್ಟಿದಾಗಿನಿಂದ ಪಾತ್ರೆ ತಿಕ್ಕಿದ್ದು ಬೂದಿಯಲ್ಲೇ, ಸಾಬೂನು ಅವಳ ಕೈಗೆ ಒಗ್ಗಿರಲಿಲ್ಲ. ಕಲ್ಲಿನ ಮೇಲೆ ತಾಟು, ತಾಟಿನಲ್ಲಿ ಹಿಟ್ಟಿನಂಥ ನುಣುಪು ಬೂದಿ. ಸೊಸೆ ಇವತ್ತು ನೆನಪಿಟ್ಟು ಸೋಸಿ ಇಟ್ಟಿದ್ದಾಳೆ ಅಂದುಕೊಂಡು ತೆಂಗಿನ ಜುಂಗು ಅದ್ದಿದಳು. ಮೊದಲು ದೇವರ ಮುಂದಿನ ಹಿತ್ತಾಳೆಯ ತಂಬಿಗೆ, ಆಮೇಲೆ ಎರಡು ಗಂಗಾಳ, ಆಮೇಲೆ ಕೊಡ.

ನನಗೆ ಬಾಯಿ ಇದೆ, ಆದರೆ ಅದು ಕೂಗುವ ಬಾಯಿ ಅಲ್ಲ.

ಕಸ್ತೂರಿ ಬಂದಾಗ ಸಾತವ್ವ ತಂಬಿಗೆಯನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತಿದ್ದಳು. “ನೋಡವಾ, ಮಾರಿ ಕಾಣಸ್ತೈತಿ. ಯಾವ ಒಲೀ ಬೂದಿ ಇದು?”

ಕಸ್ತೂರಿಯ ಕೈಯಿಂದ ಸಿಲಿಂಡರ್ ಜಾರಿ ನೆಲಕ್ಕೆ ಕೂತಿತು. “ಅತ್ತೀ, ಅದು ಗುರುಪಾದಣ್ಣನ ನಾಯಿ.”

ಸಾತವ್ವ ತಂಬಿಗೆ ನೋಡಿದಳು, ತನ್ನ ಕೈ ನೋಡಿಕೊಂಡಳು. “ಶಿವ ಶಿವಾ. ದೇವರ ತಂಬಗಿ ತೊಳದ್ನೆಲ್ಲಾ” ಅಂದಳು. ಆಮೇಲೆ ಬೇರೆ ದನಿಯಲ್ಲಿ, “ಪಾಪ, ಆ ಮನುಷ್ಯಾ” ಅಂದಳು.

ಇಬ್ಬರೂ ಮೊಣಕಾಲೂರಿ ಕೂತು ತಾಟಿನ ಅಂಚು ಕೆರೆದರು, ಜುಂಗಿನ ಎಳೆ ಎಳೆ ಜಾಡಿಸಿದರು. ಸಿಕ್ಕಿದ್ದು ಅರ್ಧ ಚಮಚ. ಮೆರುಗಿಗೆ ಮೂರು ಚಮಚ ಬೇಕು. ಕಸ್ತೂರಿ ಒಳಗೆ ಹೋಗಿ ತಮ್ಮ ಒಲೆಯ ಬೂದಿ ತಂದು, ತೊಳೆದು, ಅದರ ಜೊತೆ ಕೂಡಿಸಿದಳು.

“ಅತ್ತಿ, ನಿಮ್ಮ ಕಾಲು ಹಿಡೀತೀನಿ, ಇದನ್ನ ಹೇಳಬ್ಯಾಡ್ರಿ. ಅಂವಂಗ ಬ್ಯಾರೆ ಏನೂ ಉಳದಿಲ್ಲ.”

“ನಾ ಯಾರಿಗೆ ಹೇಳಾಕ ಹೋಗ್ಲಿ” ಅಂದಳು ಸಾತವ್ವ. ಆದರೆ ಆ ತಂಬಿಗೆಯನ್ನು ಅವಳು ದೇವರ ಮುಂದೆ ಮತ್ತೆ ಇಡಲಿಲ್ಲ. ಹುಣಸೆಹಣ್ಣು ಹಚ್ಚಿ ಮೂರು ಸಲ ತೊಳೆದು ಅಟ್ಟಕ್ಕೆ ಹಾಕಿದಳು.

ಎರಡನೇ ಬೆಂಕಿಯಿಂದ ಹೊರಬಂದಾಗ ನಾನು ಹಸಿರು ಬೆರೆತ ಜೇನಿನ ಬಣ್ಣವಾಗಿದ್ದೆ. ಒಂದು ಮಗ್ಗುಲಲ್ಲಿ ಮಾತ್ರ ಹಾಲು ಜಾರಿದಂಥ ಬಿಳಿ ಗೆರೆ. ಎಲುಬಿನ ಬೂದಿ ಹಾಗೆ ಬಿಳುಪು ಬಿಡುತ್ತದೆ ಅಂತ ಕಸ್ತೂರಿ ಹೇಳಿದಳು. ಭಟ್ಟಿಯ ಗಾಳಿಗೂ ಹಾಗೆ ಆಗುವುದುಂಟು ಅಂತಲೂ ಹೇಳಿದಳು.

ಗುರುಪಾದಪ್ಪನಿಗೆ ಆ ಗಾಳಿಯ ಮಾತು ಬೇಕಾಗಿರಲಿಲ್ಲ. “ಇದು ಅವನ ಬಾಲ” ಅಂದ. ಕಣ್ಣು ಒರೆಸಿಕೊಳ್ಳದೆ ನನ್ನನ್ನು ಎತ್ತಿಕೊಂಡು ಹೊರಟ.

ಅವನ ಮನೆಯಲ್ಲಿ ನನಗೆ ಒಂದು ಜಾಗ ಅಂತ ಆಗಲೇ ಇಲ್ಲ. ಮಾಡದಲ್ಲಿ ಇಟ್ಟ, ಕತ್ತಲು ಅಂದ. ಕಿಟಕಿಯಲ್ಲಿ ಇಟ್ಟ, ಬೆಕ್ಕು ಬರುತ್ತದೆ ಅಂದ. ಮಂಚದ ಪಕ್ಕ ಇಟ್ಟ, ಕಾಲು ತಾಗುತ್ತದೆ ಅಂದ. ಒಂದು ವಾರದಲ್ಲಿ ಏಳು ಕಡೆ. ಕೊನೆಗೆ ಹೂವಿನ ಬುಟ್ಟಿಯಲ್ಲೇ ಕೂರಿಸಿಕೊಂಡು ಬೆಳಗಿನ ತಿರುಗಾಟಕ್ಕೆ ಒಯ್ಯತೊಡಗಿದ. “ಚುರಮುರಿ, ಹೋಗೂಣ ನಡಿ,” “ಚುರಮುರಿ, ಇವತ್ತು ಸೇವಂತಿ ಸೊರಗ್ಯಾವು ನೋಡು.” ಕಟ್ಟೆಗೆ ಬಂದವರು ಹುಬ್ಬು ಏರಿಸಿದರೆ ಅವನು ಲೆಕ್ಕಿಸುತ್ತಿರಲಿಲ್ಲ. ಅವನ ಮುಖಕ್ಕೆ ಕಳೆ ಬಂದಿತ್ತು, ಎರಡು ಹೊತ್ತು ಉಣ್ಣುತ್ತಿದ್ದ.

ನೆಮ್ಮದಿ ಇಲ್ಲದ್ದು ನನಗೆ. ಅವನು ಚುರಮುರಿ ಅಂದಾಗಲೆಲ್ಲ ನಾನು ಯಾರದೋ ಅಂಗಿ ತೊಟ್ಟುಕೊಂಡು ಬಂದವನ ಹಾಗೆ ಮುದುಡುತ್ತಿದ್ದೆ. ನನ್ನ ಮೈಮೇಲೆ ಅರ್ಧ ಚಮಚ ನಾಯಿ, ಎರಡೂವರೆ ಚಮಚ ಒಲೆ. ಬಿಳಿ ಗೆರೆ ನಾಯಿಯದೋ ಗಾಳಿಯದೋ ನನಗೇ ಗೊತ್ತಿಲ್ಲ. ಈ ಮನುಷ್ಯ ದಿನಾ ಸವರುವುದು ಯಾರನ್ನು?

ಇನ್ನೊಬ್ಬರಿಗೂ ನೆಮ್ಮದಿ ಇರಲಿಲ್ಲ. ಯುಗಾದಿ ಕಳೆದ ಮೇಲೆ ಸಾತವ್ವ ಪ್ರತಿ ಸೋಮವಾರ ಕಟ್ಟೆಗೆ ಬರತೊಡಗಿದಳು. ಅವಳ ಓಣಿಯಲ್ಲೇ ಪತ್ರಿಯ ಗಿಡ ಇತ್ತು. ಆದರೂ ಮುಕ್ಕಾಲು ಮೈಲಿ ನಡೆದು ಬಂದು, ಒಂದು ಕಟ್ಟು ಪತ್ರಿ ಹಿಡಿದುಕೊಂಡು ಅಲ್ಲೇ ಕೂರುತ್ತಿದ್ದಳು. ನನ್ನ ಕಡೆ ನೋಡುವಳು, ಬಾಯಿ ತೆಗೆಯುವಳು, ಬಿಸಿಲು ಜಾಸ್ತಿ ಆಯಿತು ಅನ್ನುವಳು.

“ಯವ್ವಾ, ಒಂದು ಕಟ್ಟು ಪತ್ರಿಗೆ ಒಂದು ತಾಸು ಕುಂದ್ರತಿ,” ಗುರುಪಾದಪ್ಪ ನಗುತ್ತಿದ್ದ. “ಮದುವಿ ಹೂವು ಬೇಕಂದ್ರ ಹಾಸಗಿ ತಗೊಂಡ ಬರ್ತಿಯೇನು?”

“ನನ್ನ ಮದುವಿಗೆ ನಿಮ್ಮಪ್ಪ ಹೂವು ತಂದಿದ್ದ. ಅರ್ಧ ಬಾಡಿದ್ದು.”

“ಅದಕ್ಕ ನಿಮ್ಮ ಯಜಮಾನ್ರು ಜಲ್ದಿ ಹ್ವಾದ್ರು.”

“ಹೋಗೋ ಭಾಡ್ಯಾ” ಅನ್ನುತ್ತಿದ್ದಳು. ನಕ್ಕು ಎದ್ದು ಹೋಗುತ್ತಿದ್ದಳು. ಹೇಳಬೇಕಾದ ಮಾತು ಅವಳ ಜೊತೆಗೇ ಓಣಿಗೆ ವಾಪಸಾಗುತ್ತಿತ್ತು.

ಹನ್ನೊಂದನೇ ಸೋಮವಾರ ಮಳೆ ಹನಿಯುತ್ತಿತ್ತು, ಗಿರಾಕಿ ಇರಲಿಲ್ಲ. ಗುರುಪಾದಪ್ಪ ನನ್ನ ಬಿಳಿ ಗೆರೆಯ ಮೇಲೆ ಬೆರಳಾಡಿಸುತ್ತ, “ಮಳಿ ಅಂದ್ರ ಇವಗ ಭಾಳ ಅಂಜಿಕಿ, ಯವ್ವಾ. ಈಗೂ ಹಿಡಕೊಂಡ ಕುಂದರತೀನಿ” ಅಂದ. ಸಾತವ್ವನಿಗೆ ಅದನ್ನು ಕೇಳಿಸಿಕೊಂಡು ಕೂರಲು ಆಗಲಿಲ್ಲ. ಎಲ್ಲಾ ಹೇಳಿಬಿಟ್ಟಳು. ತಾಟು, ಕಲ್ಲು, ಜುಂಗು, ತಂಬಿಗೆ, ಅರ್ಧ ಚಮಚ.

ಅವನ ಕೈಯಲ್ಲಿದ್ದ ಮಾಲೆಯ ಗಂಟು ಸಡಿಲಾಗಿ ಹೂವು ಒಂದೊಂದೇ ಉದುರಿದವು. ಸಾತವ್ವ ಮಳೆಯಲ್ಲೇ ಎದ್ದು ಹೋದಳು. ಅವನು ನನ್ನನ್ನು ಮನೆಗೆ ತಂದು, ಮಂಚದ ಕೆಳಗೆ ಬೋರಲು ಹಾಕಿದ.

ಬೋರಲು ಬಿದ್ದ ಬೋಗುಣಿಗೆ ಹಗಲು ರಾತ್ರಿ ಒಂದೇ. ಅವನ ಹೆಜ್ಜೆ ಮಾತ್ರ ಕೇಳುತ್ತಿತ್ತು, ಬಾಗಿಲಿನಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ. ಚುರಮುರಿ ಅನ್ನುವ ಸದ್ದು ಒಂದು ಸಲವೂ ಕೇಳಲಿಲ್ಲ. ಅಷ್ಟು ದಿನ ಆ ಹೆಸರಿಗೆ ಮುದುಡುತ್ತಿದ್ದವನು ಈಗ ಅದಕ್ಕಾಗಿ ಕಿವಿ ನೆಟ್ಟು ಬಿದ್ದಿದ್ದೆ. ಒಂಬತ್ತು ದಿನ.

ಹತ್ತನೇ ದಿನ ಮುಂಜಾನೆ ನನ್ನನ್ನು ಎತ್ತಿಕೊಂಡು ದಾಪುಗಾಲು ಹಾಕಿ ಕುಂಬಾರ ಓಣಿಗೆ ನಡೆದ. ನೇರ ಹಿತ್ತಲಿಗೆ ಬಂದ. ಕಸ್ತೂರಿ ತಿಗರಿ ಬಿಟ್ಟು ಎದ್ದಳು, ಕೈತುಂಬ ಮಣ್ಣು.

“ಅಣ್ಣಾ, ತಪ್ಪು ನಂದು. ಅತ್ತೀದಲ್ಲ. ಮುಚ್ಚಿಟ್ಟಾಕಿ ನಾನು. ಬ್ಯಾರೆ ಒಂದು...” ಅಂದವಳು ಅಲ್ಲೇ ನಿಂತಳು. ಬೇರೆ ಒಂದು ಮಾಡಲು ಬೂದಿ ಎಲ್ಲಿಂದ ತರುವುದು?

“ಒಲೀ ಬೂದಿನ್ನ ಮುದ್ದು ಮಾಡಿಸಿದ್ರೆಲ್ಲಾ ನನ್ನ ಕಡಿಂದ!” ಅಂದ. ನನ್ನನ್ನು ತಲೆಯ ಮೇಲೆ ಎತ್ತಿ ಹಿಡಿದ. ನನ್ನ ಕೆಳಗೆ ಅದೇ ಪಾತ್ರೆ ತೊಳೆಯುವ ಕಲ್ಲು. ಅವನ ಬೆರಳು ಸಡಿಲಾಗುವುದು ನನಗೆ ತಿಳಿಯುತ್ತಿತ್ತು. ಒಡೆದರೆ ಒಡೆಯಲಿ ಅನ್ನಿಸಿತು. ಮರುಗಳಿಗೆ, ಬೇಡ ಅನ್ನಿಸಿತು.

“ನಿಂದ್ರು.” ಸಾತವ್ವ ಅಟ್ಟದಿಂದ ಇಳಿಸಿದ ತಂಬಿಗೆ ಹಿಡಿದು ಬಂದಳು. ಗಂಗಾಳ ಎರಡು, ಕೊಡ ಒಂದು, ಎಲ್ಲವನ್ನೂ ಸಾಲಾಗಿ ಕಲ್ಲಿನ ಮೇಲೆ ಇಟ್ಟಳು. “ಅದರಾಗ ಇರೂದು ಅರ್ಧ ಚಮಚಾ. ಉಳದಂವಾ ಇವನ್ನ ತಿಕ್ಕಿ ಹೋಗ್ಯಾನ. ಒಡಿಯಾಂವ ಇದ್ರ ಇವನ್ನೂ ಜಜ್ಜಿ ಹೋಗು.”

ಗುರುಪಾದಪ್ಪ ನೋಡಿದ. ತಂಬಿಗೆ ಬಿಸಿಲಿಗೆ ಫಳಫಳ ಅನ್ನುತ್ತಿತ್ತು. ಅವನ ಹೊಟ್ಟೆ ಅಲುಗತೊಡಗಿತು. ಅಳುತ್ತಿದ್ದಾನೆ ಅಂದುಕೊಂಡೆ. ಅವನು ನಗುತ್ತಿದ್ದ.

“ಹನ್ನೆರಡು ವರ್ಷ,” ಅಂದ, “ಹನ್ನೆರಡು ವರ್ಷ ನನ್ನ ಮನ್ಯಾಗ ಕುಂತು ತಿಂದಾನ. ಒಂದು ಕಡ್ಡಿ ಎತ್ತಿ ಆ ಕಡೆ ಇಟ್ಟಾಂವಲ್ಲ. ಸತ್ತ ಮ್ಯಾಲ ನಿಮ್ಮ ಮನಿಗೆ ಬಂದು ಪಾತ್ರೆ ತಿಕ್ಯಾನಲ್ಲ ನನ್ನ ಮಗಾ!”

ನನ್ನನ್ನು ಮೆಲ್ಲಗೆ ಕಲ್ಲಿನ ಮೇಲೆ ಇಳಿಸಿದ. ಅಲ್ಲೇ ಕೂತು ಈಗ ಅತ್ತ. ಮುಗಿದ ಮೇಲೆ ಆ ತಂಬಿಗೆಯಲ್ಲೇ ನೀರು ಕೇಳಿದ. ಸಾತವ್ವ ತುಂಬಿ ಕೊಟ್ಟಳು. ಅಂಚಿಗೆ ತುಟಿ ಹಚ್ಚಿ ಪೂರ್ತಿ ಕುಡಿದ.

ಆಮೇಲೆ ಅವನು ನನ್ನನ್ನು ಚುರಮುರಿ ಅನ್ನಲಿಲ್ಲ. ಕಟ್ಟೆಯ ಮೇಲೆ ನೀರು ತುಂಬಿ ಬಿಡಿ ಹೂವು ಹಾಕಿಟ್ಟ. “ಆ ಬೋಗಾಣಿ ಈ ಕಡೆ ತಾ” ಅಂತ ಗಿರಾಕಿಗಳಿಗೆ ಹೇಳುತ್ತಿದ್ದ. ಬಿಳಿ ಗೆರೆಯನ್ನು ಮಾತ್ರ ಯಾವಾಗಲೂ ತನ್ನ ಕಡೆ ತಿರುಗಿಸಿ ಇಡುತ್ತಿದ್ದ. ಸಾತವ್ವ ಸೋಮವಾರ ಬರುವುದು ಬಿಡಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಒಂದು ತಾಸು ಕಳೆಯುತ್ತಿದ್ದರು. ಆರು ವರ್ಷ ಹೀಗೇ ನಡೆಯಿತು. ಒಂದು ಸಲ ಸ್ಕೂಟರಿನ ಹ್ಯಾಂಡಲ್ ತಾಗಿ ನನ್ನ ಅಂಚು ಒಂದು ಕಡೆ ಸಿಡಿಯಿತು.

ಒಂದು ಸೋಮವಾರ ಅವಳು ಬರಲಿಲ್ಲ. ಮಂಗಳವಾರ, ಬುಧವಾರ, ಗುರುಪಾದಪ್ಪ ಕಟ್ಟೆ ಮುಚ್ಚಿ ಅವಳ ಹಾಸಿಗೆಯ ಹತ್ತಿರ ಹೋಗಿ ಕೂತು ಬಂದ. ಗುರುವಾರ ನನ್ನ ತುಂಬ ಸೇವಂತಿಗೆ ಹಾಕಿಕೊಂಡು ನಡೆದ, ಒಂದೂ ಬಾಡಿರಲಿಲ್ಲ. ಮಾಲೆಯನ್ನು ಅಲ್ಲೇ ಕೂತು ಕಟ್ಟಿದ. ಅವಳನ್ನು ಹೊತ್ತು ಹೊರಟಾಗ ಜನದ ಜೊತೆ ಅವನೂ ಹೊರಟ. ಖಾಲಿಯಾದ ನನ್ನನ್ನು ಅಲ್ಲೇ ಬಿಟ್ಟ. ಮತ್ತೆ ಕೇಳಲು ಬರಲಿಲ್ಲ.

ಈಗ ನಾನು ಕಸ್ತೂರಿಯ ತಿಗರಿಯ ಎದುರಿನ ಗೂಡಿನಲ್ಲಿದ್ದೇನೆ. ಯಾರಾದರೂ ನಾಯಿಯದೋ ಬೆಕ್ಕಿನದೋ ಬೂದಿ ತಂದರೆ ಮೊದಲು ನನ್ನನ್ನು ಅವರ ಕೈಗೆ ಕೊಡುತ್ತಾಳೆ. ನಡೆದದ್ದನ್ನು ಮರೆಮಾಚದೆ ಹೇಳುತ್ತಾಳೆ. ಕೆಲವರು ಡಬ್ಬಿ ಎತ್ತಿಕೊಂಡು ಹೋಗಿಬಿಡುತ್ತಾರೆ. ಕೆಲವರು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿ ಕೂರುತ್ತಾರೆ. ನನಗೆ ಇಂದಿಗೂ ಪೂರ್ತಿ ನೆಮ್ಮದಿ ಅಂತ ಆಗಿಲ್ಲ. ಮಳೆ ಹನಿಯುವ ದಿನ ಮೈಯಲ್ಲಿ ಎಲ್ಲೋ ಒಂದು ಕಡೆ ಅಂಜಿಕೆ ಏಳುತ್ತದೆ. ಅದು ಅರ್ಧ ಚಮಚದ್ದೋ, ಇಷ್ಟು ವರ್ಷ ಕೇಳಿ ಕೇಳಿ ಕಲಿತದ್ದೋ, ಹೇಳಲಾರೆ.

ಸಾತವ್ವ ಹೋದದ್ದು ಕಾರ್ತಿಕದ ಎರಡನೇ ಗುರುವಾರ, ಕಸ್ತೂರಿ ಚಹಾಕ್ಕೆ ನೀರಿಟ್ಟ ಹೊತ್ತಿನಲ್ಲಿ.