ಹಿಂದಿನ ಸೀಟಿನ ಸದ್ದು

ಹಂಸಾಗೆ ಅಂದು ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆರು ವರ್ಷ ದುಡಿದು ರೂಪಿಸಿದ ಹೊಸ ಕಾರಿಗೆ ಸಂಜೆ ನಾಲ್ಕಕ್ಕೆ ಒಪ್ಪಿಗೆಯ ಸಹಿ ಹಾಕಬೇಕಿತ್ತು. ಅಮೆರಿಕದ ಸೀಕಾಕಸ್‌ನ ಕಾರು ಕಂಪನಿಯೊಂದರಲ್ಲಿ ಅವಳು ಕಾರಿನ ಸದ್ದು, ನಡುಕ ಪರೀಕ್ಷಿಸುವ ತಂಡದ ಮುಖ್ಯಸ್ಥೆ. ಅವಳು ಒಪ್ಪಿದ ಮೇಲೆಯೇ ಕಾರು ಕಾರ್ಖಾನೆಗೆ ಹೋಗುವುದು.

ಎರಡು ಬಾಗಿಲಿನ ಐಷಾರಾಮಿ ಕಾರದು. ದಿನವಿಡೀ ವೇಗವಾಗಿ ಓಡಿಸಿದರೂ ಕೂತವರಿಗೆ ದಣಿವಾಗಬಾರದು ಎಂಬುದು ಆಕಾರ ನೋಡಲು ಜೇಡಿಮಣ್ಣಿನಲ್ಲಿ ಮಾಡಿದ ಮೊದಲ ಮಾದರಿಯ ಕಾಲದಿಂದಲೂ ಇದ್ದ ಹಟ. ಎಂಟು ಸಿಲಿಂಡರಿನ ಎಂಜಿನ್ ಎಂದು ಶುರುವಾಗಿತ್ತು. ಮೂರನೇ ವರ್ಷ ಅದನ್ನು ಆರಕ್ಕಿಳಿಸಿ, ವಿದ್ಯುತ್ತಿನಿಂದಲೂ ಓಡಲೆಂದು ದೊಡ್ಡ ಬ್ಯಾಟರಿ ಸೇರಿಸಿದರು. ಬೇರೆಲ್ಲೂ ಜಾಗ ಸಾಲದೆ ಬ್ಯಾಟರಿಯನ್ನು ಹಿಂದಿನ ಸೀಟಿನಡಿ ತೂರಿಸಿದರು. ತೂಕ ಏರಿತು, ಸ್ಪ್ರಿಂಗು ಬದಲಾಯಿತು. ಅಂದಿನಿಂದ ಎಪ್ಪತ್ತು ಮೈಲಿ ವೇಗದಲ್ಲಿ ಹಂಸಾಗೆ ಏನೋ ಕೇಳಿಸಿದಂತಾಗುತ್ತಿತ್ತು. ಸದ್ದು ಅಳೆಯಲು ಮುಂದಿನ ಸೀಟುಗಳಿಗೆ ಕಟ್ಟಿದ ಮೈಕುಗಳಲ್ಲಿ ಮಾತ್ರ ಅದು ಸಿಕ್ಕಿರಲಿಲ್ಲ.

ಮಧ್ಯಾಹ್ನ ತಡೆಯಲಾರದೆ ಮಾಳವಿಕಾಳನ್ನು ಕರೆದುಕೊಂಡು ಹೊರಟಳು. ಹತ್ತಿರದ ಈಸ್ಟ್ ಬ್ರನ್ಸ್‌ವಿಕ್‌ನಲ್ಲೇ ಹುಟ್ಟಿ ಬೆಳೆದ ಮಾಳವಿಕಾ ಅವಳ ತಂಡದ ಎಂಜಿನಿಯರ್; ಹಂಸಾಳನ್ನು ಆಂಟಿ ಎಂದೇ ಕರೆಯುತ್ತಿದ್ದಳು.

“ನೀನು ಡ್ರೈವ್ ಮಾಡು, ನಾನು ಹಿಂದೆ ಕೂರ್ತೀನಿ.”

“ಅಲ್ಲಿ ಕಾಲಿಗೆ ಜಾಗ ಇಲ್ಲ ಆಂಟಿ. ಐ ನೋ.”

ಟರ್ನ್‌ಪೈಕ್ ಹೆದ್ದಾರಿಯಲ್ಲಿ ವೇಗ ಎಪ್ಪತ್ತು ಮುಟ್ಟಿತು. ಮಂಡಿ ಮಡಚಿ ಕೂತಿದ್ದ ಹಂಸಾಳ ಕಿವಿಯೊಳಗೆ ಗುಂಯ್ ಎಂದಿತು. ಬಗ್ಗಿ ಸೀಟಿನ ಬುಡಕ್ಕೆ ಅಂಗೈ ಒತ್ತಿದಳು. ತಗಡು ಸಣ್ಣಗೆ ನಡುಗುತ್ತಿತ್ತು.

“ಸಿಕ್ತು. ಬ್ಯಾಟರಿ ಕೂರಿಸಿರೋ ಕಡೆ.”

ಮಾಳವಿಕಾ ಕನ್ನಡಿಯಲ್ಲಿ ಅವಳನ್ನು ನೋಡಿದಳು. “ನಾನು ಜಾಯಿನ್ ಆದಾಗಲೇ ಅದನ್ನ ರಿಪೋರ್ಟ್ ಮಾಡಿದ್ದೆ. ಯೂ ಕ್ಲೋಸ್ಡ್ ಇಟ್.”

ಹಂಸಾಗೆ ನೆನಪಾಯಿತು. ಎರಡು ವರ್ಷದ ಹಿಂದೆ ಲ್ಯಾಪ್‌ಟಾಪ್ ಹಿಡಿದು ಹಿಂದೆ ಕೂತಿದ್ದ ಹೊಸ ಹುಡುಗಿ ಬರೆದ ದೂರು. ಮೈಕಿನಲ್ಲಿ ಇಲ್ಲವೆಂದು ಹಂಸಾ ಒಂದೇ ಸಾಲು ಬರೆದು ಅದನ್ನು ಮುಚ್ಚಿದ್ದಳು. ಆ ಹುಡುಗಿಯನ್ನು ಕರೆದು ಕೇಳಿಯೂ ಇರಲಿಲ್ಲ.

ಸಹಿಯ ಮೀಟಿಂಗಿಗೆ ಮುಂಚೆ, ಸದ್ದಿನ ವಿಷಯ ಆಗಲೇ ತಿಳಿದಿದ್ದ ಪ್ರಾಜೆಕ್ಟ್ ಮುಖ್ಯಸ್ಥ ವಿಕ್ರಾಂತ್ ಅವಳನ್ನು ಕಾರಿಡಾರಿನಲ್ಲಿ ತಡೆದ. “ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ ಹಂಸಾ? ಸೈನ್ ಮಾಡಿಬಿಡಿ.”

“ಕೂರೋರಿಗೆ ಅಂತಲೇ ಅಲ್ವಾ ಸೀಟ್ ಇಟ್ಟಿರೋದು?”

ಒಳಗೆ ಹೋಗಿ ಹಳೆಯ ದೂರನ್ನು ಪರದೆಯ ಮೇಲೆ ತೆರೆದಳು. ಮುಚ್ಚಿದವರೆಂದು ಕೆಳಗೆ ಅವಳದೇ ಹೆಸರಿತ್ತು. ತಪ್ಪು ತನ್ನದು, ಮಾಳವಿಕಾಳದು ಸರಿ ಎಂದಳು; ಸಹಿ ಹಾಕಲಿಲ್ಲ. ಯಾರೂ ಅವಳನ್ನು ಸಮಾಧಾನಪಡಿಸಲಿಲ್ಲ.

ಕಾರು ನಾಲ್ಕು ತಿಂಗಳು ತಡವಾಯಿತು. ಮುಖ್ಯಸ್ಥೆಯ ಸ್ಥಾನದಿಂದ ಹಂಸಾಳನ್ನು ಇಳಿಸಿದರು. ನಡುಕ ಹೀರಲು ಬ್ಯಾಟರಿಯಡಿ ಇಟ್ಟಿದ್ದ ರಬ್ಬರು ಸರಿಪಡಿಸುವ ಕೆಲಸವನ್ನು ಮಾಳವಿಕಾಗೆ ಒಪ್ಪಿಸಿದರು. ಐದನೇ ಬಗೆಯ ರಬ್ಬರಿಗೆ ನಡುಕ ನಿಂತಿತು. ಅಕ್ಟೋಬರಿನಲ್ಲಿ ಮಾಳವಿಕಾ ಸಹಿ ಹಾಕಿದಳು.

ಹಂಸಾಗೆ ಮಾತ್ರ ನೆಮ್ಮದಿ ಬರಲಿಲ್ಲ. ಆ ವಾರವೇ ತಾನು ಮುಚ್ಚಿದ್ದ ಉಳಿದ ದೂರುಗಳನ್ನೆಲ್ಲ ತೆರೆದು, ಬರೆದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದಳು.